ನಾನು ಕುಡಿದು ಮುಗಿಸಿದ ಜರ್ಮನ್ ಕೆರೆ

ದುಬೈಗೆ ಬಂದ ಮೊದಲ ದಿನ ಸೂಪರ್‌ವೈಸರ್ ನನ್ನ ಕೈಗೆ ಉಣ್ಣೆಯ ಟೊಪ್ಪಿ, ಗ್ಲೌಸು, ದಪ್ಪ ಜಾಕೆಟ್ಟು ಕೊಟ್ಟಾಗ ಈ ಮನುಷ್ಯನಿಗೆ ತಲೆ ಸರಿ ಇಲ್ಲ ಎಂದುಕೊಂಡೆ. ಹೊರಗೆ ಬಿಸಿಲಿಗೆ ಚಪ್ಪಲಿಯ ಅಂಟು ಬಿಡುತ್ತಿತ್ತು. ಬಾಗಿಲು ತೆರೆದರೆ ಒಳಗೆ ನಾಲ್ಕು ಮದುವೆ ಹಾಲ್‌ಗಳಷ್ಟು ಅಗಲದ ಮಂಜುಗಡ್ಡೆಯ ನೆಲ, ಅದರ ಮೇಲೆ ಕಾಲಿಗೆ ಬ್ಲೇಡು ಕಟ್ಟಿಕೊಂಡು ಓಡುವ ಜನ. ನಾನು ಮಂಗಳೂರು ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ ಕಲಿತವನು. ನಮ್ಮಲ್ಲಿ ಐಸ್ ಇರುವುದು ಬಂಗುಡೆ, ಬೂತಾಯಿ ಮೀನು ಕೆಡದಿರಲಿ ಎಂದು. ಅದನ್ನು ಹುಡಿ ಮಾಡಿ ಗೊತ್ತೇ ಹೊರತು, ನೆಲಕ್ಕೆ ಹಾಸಿ, ಬಿಸಿನೀರು ಹಾಯಿಸಿ ಕನ್ನಡಿಯ ಹಾಗೆ ಮಾಡಿ ಗೊತ್ತಿರಲಿಲ್ಲ. ಬಿಸಿನೀರಿನಿಂದ ಐಸ್ ನಯವಾಗುತ್ತದೆ ಎಂದರೆ ಊರಲ್ಲಿ ಈಗಲೂ ಯಾರೂ ನಂಬುವುದಿಲ್ಲ.

ಕರಾಮ ಬಡಾವಣೆಯಲ್ಲಿ ಕೆಲವು ವರ್ಷ ಬೆಡ್‌ಸ್ಪೇಸಿನಲ್ಲಿದ್ದೆ, ಅಂದರೆ ಬಾಡಿಗೆ ಕೋಣೆಗಲ್ಲ, ಒಂದು ಮಂಚಕ್ಕೆ. ಆಮೇಲೆ ಹೆಂಡತಿ ಝೀನತ್, ಮಗಳು ಆಯಿಶಾ ಬಂದರು. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಒಂದು ಕೋಣೆಯ ಮನೆ ಹಿಡಿದೆವು. ನೌಕರರ ಮಕ್ಕಳಿಗೆ ಐಸ್ ಹಾಕಿ ಆಟ ಕಲಿಯಲು ಫೀಸಿಲ್ಲ ಎಂದು ಗೊತ್ತಾದಾಗ ಆಯಿಶಾಳನ್ನು ಸೇರಿಸಿದೆ. ಹುಲ್ಲಿನ ಮೇಲಿನ ಹಾಕಿಯನ್ನೇ ಸರಿಯಾಗಿ ನೋಡದ ಮನೆತನದ ಹುಡುಗಿ ರಬ್ಬರಿನ ಬಿಲ್ಲೆಯ ಹಿಂದೆ ಐಸಿನ ಮೇಲೆ ಹಾರುವುದನ್ನು ನೋಡಿ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಗುತ್ತಿತ್ತು.

ಮಕ್ಕಳ ಕೋಚ್ ಡೀಟರ್, ಅರುವತ್ತು ದಾಟಿದ ಜರ್ಮನ್. ಮಾತು ಕಡಿಮೆ. ಮಕ್ಕಳ ಹತ್ತಿರ ಮಾತ್ರ ತನ್ನ ಊರಿನ ಕ್ಲಬ್ಬಿನ ಕಥೆ ಹೇಳುತ್ತಾನೆ ಎಂದು ಆಯಿಶಾ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಈ ವರ್ಷ ರಂಜಾನಿನಲ್ಲಿ ನೆಲದಡಿಯ ಪೈಪು ಬದಲಿಸಲು ಪೂರ್ತಿ ಐಸ್ ಕರಗಿಸಿದೆವು. ಒಂದು ಸಂಜೆ ಉಪವಾಸ ಬಿಡುವ ಮಗ್ರಿಬ್ ಬಾಂಗ್ ಕೇಳಿಸಿದಾಗ ನಾನು ಮಷೀನ್ ರೂಮಿನಲ್ಲಿ ಗ್ರೀಸಿನ ಕೈಯಲ್ಲಿದ್ದೆ. ಜೇಬಿನಲ್ಲಿ ಖರ್ಜೂರ ಇತ್ತು, ನೀರಿರಲಿಲ್ಲ. ಮೂಲೆಯ ಫ್ರಿಜ್ಜಿನೊಳಗೆ ಹಿಂದುಗಡೆ ಗಾಜಿನ ಬಾಟಲಿಯಲ್ಲಿ ನೀರಿತ್ತು, ಮೇಲೆ ಓದಲು ಬಾರದ ಭಾಷೆಯ ಚೀಟಿ. ಬಿಸ್ಮಿ ಹೇಳಿ ಗಟಗಟ ಕುಡಿದೆ. ಟ್ಯಾಂಕಿಯ ತಳದ ನೀರಿನ ರುಚಿ. ನಮ್ಮ ಕಡೆ ಉಪವಾಸ ಬಿಡುವ ಹೊತ್ತಿನಲ್ಲಿ ನೀರು ಯಾರದೆಂದು ಕೇಳುವ ಕ್ರಮವಿಲ್ಲ. ಕುಡಿದರೆ ತುಂಬಿಸಿ ಇಡಬೇಕು, ಅಷ್ಟೇ. ಕೂಲರಿನಿಂದ ತುಂಬಿಸಿ, ಮುಚ್ಚಳ ಬಿಗಿದು, ಇದ್ದಲ್ಲೇ ಇಟ್ಟೆ.

ಎರಡು ದಿನ ಬಿಟ್ಟು ಮನೆಯಲ್ಲಿ ಗಂಜಿ ಕುಡಿಯುತ್ತಾ ಇದನ್ನು ತಮಾಷೆಗೆಂದು ಹೇಳಿದೆ. ಆಯಿಶಾಳ ಚಮಚ ನಿಂತಿತು.

"ಗ್ರೀನ್ ಕ್ಯಾಪ್ ಇದ್ದ ಬಾಟಲ್?"

"ಹೌದು. ಎಂತ ಈಗ?"

"ಉಪ್ಪಾ, ದಟ್ ವಾಸ್ ದ ಪಾಂಡ್. ಯೂ ಡ್ರ್ಯಾಂಕ್ ದ ಪಾಂಡ್."

ಆಮೇಲೆ ಅವಳು ಅಳುತ್ತಾ, ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಇದು. ಡೀಟರನ ಊರು ಬವೇರಿಯಾದ ಬೆಟ್ಟದ ಬುಡದಲ್ಲಿದೆ. ಅಲ್ಲಿ ಚಳಿಗಾಲದಲ್ಲಿ ಕೆರೆ ಗಟ್ಟಿಯಾದಾಗ ರೈತರ ಮಕ್ಕಳು, ಬಡಗಿಗಳು ಸೇರಿ ಆಡುತ್ತಿದ್ದರಂತೆ. ಕ್ಲಬ್ ಹುಟ್ಟಿದ್ದೇ ಹಾಗೆ. ಮುಂದೆ ಊರವರೇ ಮರ ಕಡಿದು ಆಟದ ನೆಲಕ್ಕೆ ಮಾಡು ಕಟ್ಟಿದರು. ಕೆರೆಯ ನೀರಿನಿಂದಲೇ ಮೊದಲ ಐಸ್ ಮಾಡಿದರು. ಅಂದಿನಿಂದ ಪ್ರತಿ ಬೇಸಗೆಯಲ್ಲಿ ಐಸ್ ಕರಗಿದಾಗ ಒಂದು ಬಾಟಲಿ ಎತ್ತಿಟ್ಟು, ಮುಂದಿನ ಐಸಿಗೆ ಸೇರಿಸುವುದು ಪದ್ಧತಿ. ಕ್ಲಬ್ ಮೇಲಿನ ದರ್ಜೆಗೆ ಏರಿತು, ಹೊರಗಿನ ಆಟಗಾರರನ್ನು ತಂದು ದಿವಾಳಿಯಾಯಿತು, ಕೋರ್ಟು ಬಾಗಿಲು ಹಾಕಿಸಿತು. ಕೆಲವರು ಸೇರಿ ಮತ್ತೆ ಎಲ್ಲಕ್ಕಿಂತ ಕೆಳಗಿನ ದರ್ಜೆಯಿಂದ ಶುರು ಮಾಡಿದರು. ಕೊನೆಗೆ ಮಾಡೂ ಬಿತ್ತು, ಈಗ ಅಲ್ಲಿ ಸೂಪರ್‌ಮಾರ್ಕೆಟ್ ಇದೆ. ಕೊನೆಯ ಐಸಿನ ನೀರು ಉಳಿದಿದ್ದದ್ದು ಆ ಒಂದೇ ಬಾಟಲಿಯಲ್ಲಿ. ಹೊಸ ಐಸಿಗೆ ಅದನ್ನು ಸುರಿಯುವವಳು ಆಯಿಶಾ ಎಂದು ಡೀಟರ್ ಆರಿಸಿದ್ದ.

ನಮ್ಮ ಕಪಾಟಿನಲ್ಲೂ ನನ್ನ ಉಮ್ಮ ಮೆಕ್ಕಾಕ್ಕೆ ಉಮ್ರಾ ಹೋದಾಗ ತಂದ ಪವಿತ್ರ ಝಮ್‌ಝಮ್ ನೀರಿನ ಕ್ಯಾನ್ ಇದೆ. ಅದನ್ನು ಯಾರಾದರೂ ಬಾಯಾರಿಕೆಗೆಂದು ಕುಡಿದು ಕೂಲರಿನ ನೀರು ತುಂಬಿಸಿಟ್ಟರೆ ನಾನು ಸುಮ್ಮನಿರುತ್ತಿದ್ದೆನೇ?

"ಹೇಳ್ಬೇಡಿ. ನೀರಿಗೆಂತ ಹೆಸರು ಬರ್ದಿರ್ತದಾ? ಕೆಲಸ ಹೋದ್ರೆ ವೀಸಾ ಹೋಗ್ತದೆ," ಎಂದಳು ಝೀನತ್.

"ನೋಂಬು ಹಿಡಿದು ಸುಳ್ಳು ಹೇಳುದಾ?"

"ಸುಳ್ಳು ಹೇಳುದು ಬೇಡ. ಮಾತಾಡುದು ಬೇಡ."

ನಿಜ ಹೇಳುತ್ತೇನೆ, ಅವಳ ಮಾತು ನನಗೆ ಹಿತವಾಗಿತ್ತು. ಆದರೆ ಆಯಿಶಾ ನನ್ನನ್ನೇ ನೋಡುತ್ತಿದ್ದಳು, ಸುರಿಯಬೇಕಾದವಳು ಅವಳೇ. ಮರುದಿನ ಡೀಟರನನ್ನು ಮಷೀನ್ ರೂಮಿಗೆ ಕರೆದು, ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಅವನು ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ.

"ಪೂರ್ತಿಯಾ?"

"ಪೂರ್ತಿ."

ಬಾಟಲಿ ಅಲ್ಲೇ ಬಿಟ್ಟು ಹೊರಟುಹೋದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ದಿನ ಅವನು ನನ್ನ ಮುಖ ನೋಡಲಿಲ್ಲ.

ನಾಲ್ಕನೆಯ ಸಂಜೆ, ಬಾಂಗಿನ ಹೊತ್ತಿಗೆ, ತಾನೇ ಬಂದು ನನ್ನ ಪಕ್ಕ ಮಗುಚಿಟ್ಟ ಬಕೆಟಿನ ಮೇಲೆ ಕುಳಿತ. ನಾನು ಕೊಟ್ಟ ಖರ್ಜೂರ ತಿಂದ.

"ಬಾಟಲಿ ತೊಳೆದಿದ್ದೆಯಾ?" ಎಂದು ಕೇಳಿದ.

"ಇಲ್ಲ. ಕುಡಿದೆ, ತುಂಬಿಸಿದೆ."

ಅವನು ಖರ್ಜೂರದ ಬೀಜವನ್ನು ಅಂಗೈಗೆ ಉಗುಳಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ: "ಕೋರ್ಟು ಖಲಾಸ್ ಅಂದ ಮೇಲೆ ನಾವು ಹನ್ನೊಂದು ಜನ ಉಳಿದೆವು. ಆಟಗಾರರು ಹೊಸಬರು, ಹೆಸರು ಹೊಸದು, ಪಕ್ಕದ ಊರಿನವರು ನಿಮ್ಮದು ಖಾಲಿ ಅಂಗಿ ಅಂತ ನಗುತ್ತಿದ್ದರು. ಹಳೆಯ ಕ್ಲಬ್ಬಿನದು ಎಷ್ಟು ಉಳಿದಿತ್ತು? ಈ ಬಾಟಲಿಯ ಗೋಡೆಗೆ ಅಂಟಿರುವಷ್ಟು. ಅದನ್ನೇ ನಾವು ಕ್ಲಬ್ ಅಂತ ಕರೆದೆವು." ಏಳುವಾಗ ಸೇರಿಸಿದ: "ಮಕ್ಕಳಿಗೆ ಮಾತ್ರ ನೀನೇ ಹೇಳಬೇಕು."

ಹೇಳಿದೆ. ಹೊಸ ಐಸಿನ ಅಂಚಿನಲ್ಲಿ ಸಾಲಾಗಿ ನಿಂತ ಮಕ್ಕಳ ಮುಂದೆ ಟೊಪ್ಪಿ ತೆಗೆದು ನಿಂತು, ಇದ್ದದ್ದು ಇದ್ದ ಹಾಗೆ. ಯಾರೂ ನಗಲಿಲ್ಲ. ಆಯಿಶಾ ನನ್ನ ಕಡೆ ನೋಡದೆ ಬಾಟಲಿ ಬಗ್ಗಿಸಿದಳು. ನೀರು ಹರಡಿ, ಬೆಳ್ಳಗಾಗಿ, ಗಟ್ಟಿಯಾಯಿತು.

ವಾಪಸು ಬರುವಾಗ ಕಾರಿನಲ್ಲಿ ಅವಳು ಕೇಳಿದಳು, ಅಪರೂಪಕ್ಕೆ ಪೂರ್ತಿ ನಮ್ಮ ಭಾಷೆಯಲ್ಲೇ: "ಉಪ್ಪಾ, ನಮ್ಮ ವೀಸಾ ಮುಗಿದ ದಿನ ನಂಗೂ ಒಂದು ಬಾಟಲ್ ತುಂಬಿಸಿ ಕೊಡ್ತೀರಾ?"

"ಕೊಡ್ತೇನೆ ಮಗಾ."

"ತಕೊಂಡು ಹೋಗಿ ಎಲ್ಲಿ ಸುರಿಯುದು?"

ನಮ್ಮ ಬಂಟ್ವಾಳವನ್ನೆಲ್ಲ ಮನಸ್ಸಿನಲ್ಲೇ ಸುತ್ತಿ ಬಂದೆ. ಅಂಗಳ, ಶಾಲೆ, ಮಸೀದಿಯ ಎದುರಿನ ಮೈದಾನ, ಹೊಳೆ. ಅವಳಿಗೆ ಊರು ಎಂದು ನಾನು ಹೇಳಿಕೊಡುತ್ತಾ ಬಂದ ಜಾಗದಲ್ಲಿ ಅವಳ ನೀರು ಗಟ್ಟಿಯಾಗಲು ಒಂದು ಗೇಣು ನೆಲವೂ ಇರಲಿಲ್ಲ. ಸಿಗ್ನಲ್ ಹಸಿರಾಗುವವರೆಗೂ ಅವಳು ನನ್ನ ಉತ್ತರಕ್ಕೆ ಕಾದಳು, ಆಮೇಲೆ ಫೋನು ತೆಗೆದಳು.