ಗೇಟಿನ ಬಳಿಯ ಗೊಂಬೆಗಳು

ಯಾರೋ ತೀರಿಕೊಂಡವರು ಕೈಯಾರೆ ಮಾಡಿದ ಹಿತ್ತಾಳೆಯ ಪುಟ್ಟ ರೈಲು ಎಂಜಿನ್ ಡಾರ್ಲಿಂಗ್ಟನ್ ಊರಿನ ನಮ್ಮ ಆಟಿಕೆ ರೈಲಿನ ಕ್ಲಬ್ಬಿಗೆ ಮಾರಾಟಕ್ಕೆ ಬಂತೆಂದರೆ, ಅದನ್ನು ಮೊದಲು ಬೈಯುವವನೂ ಕೊನೆಗೆ ಕೊಳ್ಳುವವನೂ ಸೆಡ್ರಿಕ್ಕೇ. "ಇದೇನು ಬೆಸುಗೆನೋ, ಜಾಮ್ ಮೆತ್ತಿದ್ದೋ?" ಎನ್ನುತ್ತಲೇ ಮನೆಗೊಯ್ದು, ಬಣ್ಣ ಕೆರೆದು, ಸೊಟ್ಟ ಚಕ್ರ ಕಿತ್ತು, ಹೊಸ ಮೋಟಾರು ಕೂರಿಸುತ್ತಾನೆ. ಅವನು ಬೆಸುಗೆ ಹಾಕುವಾಗ ಹೆಂಡತಿ ಮೇವಿಸ್ ಟೀ ಕಲಕುವಂತಿಲ್ಲ, ಬೆಕ್ಕು ಬಾಲ ಅಲ್ಲಾಡಿಸುವಂತಿಲ್ಲ. ಪಕ್ಕದ ಮನೆಯ ನಾನು ಸೀನು ಬಂದರೆ ತೋಟಕ್ಕೆ ಓಡಬೇಕು. ಆದರೆ ನಾವೆಲ್ಲ ನಿಜವಾಗಿ ಉಸಿರು ಬಿಗಿಹಿಡಿಯುವುದು ಕ್ಲಬ್ಬಿನ ಮೇಜಿನ ಹಳಿಗಳ ಮೇಲೆ ಅದನ್ನು ಮೊದಲ ಸಲ ಓಡಿಸುವ ದಿನ. ಸ್ವಿಚ್ಚು ಒತ್ತುವ ಮುಂಚೆ ಸೆಡ್ರಿಕ್ ಆ ಮೇಜಿನ ಮೇಲಿನ ಪುಟ್ಟ ರೈಲ್ವೆ ಗೇಟಿನ ಬಳಿ ನಿಂತ ಸೀಸದ ಮನುಷ್ಯ-ಗೊಂಬೆಗಳನ್ನೆಲ್ಲ ಒಂದೊಂದಾಗಿ ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಎಂಜಿನ್ ಗೇಟು ದಾಟುವವರೆಗೂ ಅವನ ಎಡಗೈ ಆ ಜೇಬಿನ ಮೇಲೇ ಇರುತ್ತದೆ. ನಾವಾರೂ ತಮಾಷೆ ಮಾಡುವುದಿಲ್ಲ. ದೊಡ್ಡ ರೈಲಿನ ಡ್ರೈವರಾಗಿದ್ದ ಸೆಡ್ರಿಕ್, ಗೇಟಿನ ಬಳಿ ಒಬ್ಬ ಹೆಂಗಸು ಅವನ ರೈಲಿಗೆ ಸಿಕ್ಕು ಸತ್ತ ಬೆಳಿಗ್ಗೆ ಎಂಜಿನ್ನಿನಿಂದ ಕೆಳಗಿಳಿದು ಮತ್ತೆಂದೂ ಹತ್ತಲಿಲ್ಲ ಎಂಬುದು ನಮಗೆ ಗೊತ್ತು. ಕ್ಲಬ್ಬಿಗೆ ಹೊಸಬನಾದ ಕ್ಲೈವ್‌ಗೆ ಗೊತ್ತಿರಲಿಲ್ಲ. ಕಳೆದ ಶನಿವಾರ ಎಂಜಿನ್ ಹೊರಟ ಮೇಲೆ ಅವನು ಕ್ಲಬ್ಬಿನ ಗೊಂಬೆ ಡಬ್ಬಿಯಿಂದ ಇನ್ನೊಂದನ್ನು ತೆಗೆದು ಗೇಟಿನ ಬಳಿ ಹಳಿಯ ನಡುವೆ ನಿಲ್ಲಿಸಿ, "ಗೊಂಬೆ ಕಣಯ್ಯಾ, ಸಾಯಲ್ಲ ಬಿಡು!" ಎಂದು ನಕ್ಕ. ಸೆಡ್ರಿಕ್ ಪಕ್ಕದಲ್ಲೇ ಇದ್ದ ಸ್ವಿಚ್ಚಿನ ಕಡೆ ನೋಡಲೂ ಇಲ್ಲ. ಮೇಜಿನ ಮೇಲೆ ಬಿದ್ದು ಎರಡೂ ಕೈಯಿಂದ ಎಂಜಿನ್ನನ್ನೇ ಅವುಚಿ ಹಿಡಿದ. ವಾರಗಟ್ಟಲೆ ಕೂತು ಕೂರಿಸಿದ್ದ ಹೊಗೆಕೊಳವೆ ಅಂಗೈಯಲ್ಲಿ ಮುರಿದುಬಂತು. "ಆವತ್ತೂ ಬ್ರೇಕ್ ಹಾಕಿದ್ದೆ ಕಣೋ," ಎಂದ, "ನಿಲ್ಲಲಿಲ್ಲ."