ಮಾಮ ಮಾತಾಡಿದ ಸಿನಿಮಾ

ಆ ಸಿನಿಮಾ ನೋಡಿದವರು ಕಡಿಮೆ. ಬೈಕುಲ್ಲಾ ಮಾರುಕಟ್ಟೆಯ ಹಿಂದಿನ ಗಲ್ಲಿಗಳಲ್ಲಿ ನಡೆಯುವ ಕಪ್ಪು-ಬಿಳುಪಿನ ಹಿಂದಿ ಚಿತ್ರ. ಒಂದು ಕೊಲೆ, ಸುಳ್ಳು ಹೇಳುವ ಹೆಂಗಸು, ತಪ್ಪಿಸಿಕೊಳ್ಳಲಾಗದ ಗುಮಾಸ್ತ, ಎಲ್ಲೆಲ್ಲೂ ನೆರಳು. ಥಿಯೇಟರ್ ಸಿಗಲಿಲ್ಲ. ಒಂದೆರಡು ಸಣ್ಣ ಉತ್ಸವಗಳಲ್ಲಿ ತೋರಿಸಿ ಕೊನೆಗೆ ಇಂಟರ್ನೆಟ್ಟಿಗೆ ಹಾಕಿದರು. ಮುಂಬಯಿಯ ಕನ್ನಡ ಪತ್ರಿಕೆಯಲ್ಲಿ ವರದಿಗಾರನಾಗಿದ್ದ ನಾನು ಅದರ ಬಗ್ಗೆ ಏನೂ ಬರೆದಿರಲಿಲ್ಲ. ಅದನ್ನು ಹುಡುಕಿದ್ದು ಅತ್ತೆಗಾಗಿ, ಮಾಮನ ಹೆಂಡತಿಗಾಗಿ.

ಅಮ್ಮನ ಅಣ್ಣ, ನಮ್ಮ ಮಾಮ, ಬೈಕುಲ್ಲಾದ ಒಂದು ಉಡುಪಿ ಹೋಟೆಲಿನ ಕ್ಯಾಶ್ ಗಲ್ಲೆಯಲ್ಲಿ ಕೂರುತ್ತಿದ್ದರು. ಅಲ್ಲಿ ಚಿತ್ರೀಕರಣ ಮಾಡಿದ ತಂಡಕ್ಕೆ ಗಲ್ಲೆಯವನ ಪಾತ್ರಕ್ಕೊಬ್ಬ ನಟನನ್ನು ತರುವ ಶಕ್ತಿ ಇರಲಿಲ್ಲ. ‘ನೀವೇ ಕೂತಿರಿ’ ಎಂದು ಮಾಮನಿಂದಲೇ ಎರಡು ಮಾತು ಹೇಳಿಸಿದರು. ಸಿನಿಮಾ ಹೊರಬರುವ ಮೊದಲೇ ಮಾಮ ಹೃದಯಾಘಾತದಿಂದ ತೀರಿಕೊಂಡರು.

ಅವರ ಸ್ವರ ಎಲ್ಲೂ ಉಳಿದಿರಲಿಲ್ಲ. ಫೋನಿನಲ್ಲಿ ‘ಆಯ್ತು, ಬರ್ತೇನೆ’ ಎಂದು ಇಟ್ಟುಬಿಡುವ ಮನುಷ್ಯ, ವಾಯ್ಸ್ ಮೆಸೇಜ್ ಕಳಿಸಿದವರಲ್ಲ. ಮಗಳ ಮದುವೆಯ ವಿಡಿಯೊದಲ್ಲಿ ಅವರು ಮಾತಾಡುವುದು ಕಾಣುತ್ತದೆ, ಕೇಳುವುದಿಲ್ಲ. ನಮ್ಮ ಕಡೆಯ ಮದುವೆ ವಿಡಿಯೊಗಳಲ್ಲಿ ಮೊದಲಿಂದ ಕೊನೆಯವರೆಗೆ ಹಾಡು ತುಂಬಿರುತ್ತಾರೆ. ಅತ್ತೆ ಕೇಳಿದ್ದು ಇಷ್ಟೇ: “ಆ ಸಿನಿಮಾ ಹುಡುಕಿ ಕೊಡು ಮಗಾ. ಒಂದು ಸಲ ಅವರ ಸ್ವರ ಕೇಳ್ಬೇಕು.”

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಮುಲುಂಡಿನ ಅತ್ತೆಯ ಮನೆಗೆ ಹೋದೆ. ಅತ್ತೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಕಾದಿದ್ದರು. ಸಿನಿಮಾದಲ್ಲಿ ಕೊಲೆ ನಡೆದರೂ ಅವರು ಕದಲಲಿಲ್ಲ.

“ಇದೆಂತ ಮಾರಾಯ, ಕರೆಂಟಿಲ್ಲದ ಊರಾ? ಒಬ್ಬರ ಮುಖವೂ ಸರಿ ಕಾಣುವುದಿಲ್ಲ.”

ಆಮೇಲೆ ಮಾಮ ಕಂಡರು. ಬಿಳಿ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಓಡಿಬಂದ ಗುಮಾಸ್ತನನ್ನು ನೋಡಿ ಬಾಯಿ ತೆರೆದರು.

“ಯಹಾಂ ಕೋಯೀ ಕುಛ್ ನಹೀಂ ದೇಖ್‌ತಾ, ಸೇಠ್.”

ಇಲ್ಲಿ ಯಾರೂ ಏನನ್ನೂ ನೋಡುವುದಿಲ್ಲ. ಸ್ವರ ದಪ್ಪವಾಗಿತ್ತು, ಒರಟಾಗಿತ್ತು.

“ಇದು ಯಾರು?” ಎಂದರು ಅತ್ತೆ.

“ಮಾಮ.”

“ಮುಖ ಅವರದ್ದೇ, ನನಗೆ ಗೊತ್ತಿಲ್ವಾ? ಮಾತಾಡುವುದು ಯಾರು?”

ಅತ್ತೆ ಆ ದೃಶ್ಯವನ್ನು ಮತ್ತೆ ಮತ್ತೆ ಹಾಕಿಸಿದರು. ಪ್ರತಿ ಸಲವೂ ಆ ಬೇರೆಯವನೇ ಮಾತಾಡಿದ.

ಚಿತ್ರದ ನಿರ್ದೇಶಕನನ್ನು ಪತ್ತೆ ಮಾಡಿ ಫೋರ್ಟಿನಲ್ಲಿ ನಮ್ಮ ಕಚೇರಿಯ ಹತ್ತಿರದ ಹೋಟೆಲಿಗೆ ಕರೆದೆ. ಮುಂಬಯಿಯಲ್ಲೇ ಹುಟ್ಟಿದ ವಿಜಯಪುರ ಮನೆತನದ ಯುವಕ. ಕನ್ನಡವನ್ನು ತಡವರಿಸಿಯೇ ಆಡಿದ.

“ಅಂಕಲ್ ಝಕಾಸ್ ಆ್ಯಕ್ಟಿಂಗ್ ಮಾಡ್ಯಾರ್ರೀ, ಖರೇನ. ಆದ್ರ ಅವ್ರ ಹಿಂದಿ... ಮತ್ಲಬ್, ಭಾಳ ಉಡುಪಿ ಉಡುಪಿ ಇತ್ತು. ಸೀನ್ ಸೀರಿಯಸ್ ಐತಿ, ಜನ ನಗತಿದ್ರು. ಅದಕ್ಕ ಡಬ್ಬಿಂಗ್ ಆರ್ಟಿಸ್ಟ್ ಕಡೆ ಹೇಳಿಸಿದ್ವಿ.”

“ಅವತ್ತು ಶೂಟಿಂಗಿನಲ್ಲಿ ರೆಕಾರ್ಡ್ ಆದ ಅವರ ಧ್ವನಿ?”

ಅವನು ಲೋಟದ ಕಡೆ ನೋಡಿದ. ಡಬ್ಬಿಂಗ್‌ಗೆ ಆಧಾರವಾಗಿ ಮಾತ್ರ ಅದನ್ನು ಇಟ್ಟುಕೊಳ್ಳುತ್ತಾರಂತೆ. ಕೆಲಸ ಮುಗಿದ ಮೇಲೆ ಹಾರ್ಡ್ ಡಿಸ್ಕ್ ಖಾಲಿ ಮಾಡಿ ಮುಂದಿನ ಶೂಟಿಂಗಿಗೆ ಒಯ್ದಿದ್ದರು. ಸಣ್ಣ ಸಿನಿಮಾಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂದ. “ಆಂಟೀಗೆ ಸಾರಿ ಹೇಳ್ರಿ, ಸರ್.”

ಇದ್ದದ್ದನ್ನು ಇದ್ದ ಹಾಗೆ ಅತ್ತೆಗೆ ಹೇಳಿದೆ. ಉಡುಪಿ ಹಿಂದಿಯ ಮಾತಿಗೆ ಅವರು ನಕ್ಕುಬಿಟ್ಟರು.

“ಇಷ್ಟು ವರ್ಷ ಬೊಂಬಾಯಿಯಲ್ಲಿದ್ದರೂ ಅವರ ಹಿಂದಿ ಊರ ಕಟಪಾಡಿ ದಾಟಲಿಲ್ಲ ನೋಡು. ಗಿರಾಕಿಗಳಿಗೆ ಮುಂದೆ ಕೂರಿ ಅಂತ ಹೇಗೆ ಹೇಳ್ತಿದ್ದರು, ‘ಆಗೇ ಬೈಠೋ, ಆಗೇ ಬೈಠೋ’...”

ಮಾಮನ ಹಾಗೆ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಇನ್ನೊಮ್ಮೆ, ಸ್ವಲ್ಪ ಎಳೆದು ಹೇಳಿದರು. ತಲೆಯಾಡಿಸಿದರು.

“ಹೀಗಲ್ಲ. ನೀನು ಹೇಳು ನೋಡುವ, ನಿನಗೆ ನೆನಪಿರಬೇಕಲ್ಲ?”

ನಾನೂ ಹೇಳಿದೆ. ಅದೂ ಅಲ್ಲವೆಂದು ನನಗೇ ತಿಳಿಯಿತು. ಅತ್ತೆ ಕಣ್ಣು ಮುಚ್ಚಿದರು.

“ಈಗ ನೆನಪು ಮಾಡ್ಲಿಕ್ಕೆ ಹೋದ್ರೆ ಆ ಸಿನಿಮಾದ ಗಂಡಸೇ ಮಾತಾಡ್ತಾನೆ ಮಗಾ,” ಎಂದರು. “ಮೊನ್ನೆವರೆಗೆ ಹಾಗಿರಲಿಲ್ಲ.”