ತೋಳಕ್ಕೆ ಚರಗ

ಆಗೆಲ್ಲ ದಸರಾ ರಜೆ ಎಂದರೆ ನನಗೆ ಮುಂಡರಗಿ. ಬೆಟಗೇರಿಯಿಂದ ಅವ್ವ ನನ್ನನ್ನು ಬಸ್ಸಿಗೆ ಹತ್ತಿಸಿ, ಮಗಳನ್ನು ಹುಷಾರಾಗಿ ಇಳಿಸೆಂದು ಕಂಡಕ್ಟರನಿಗೆ ನೂರು ಸಲ ಹೇಳಿ ಕಳಿಸುತ್ತಿದ್ದಳು. ಅಲ್ಲಿ ಸ್ಟ್ಯಾಂಡಿನಲ್ಲಿ ಸೋದರಮಾವನ ಮಗ ಬಸ್ಯಾ ಸೈಕಲ್ ಹಿಡಿದು ನಿಂತಿರುತ್ತಿದ್ದ. ರಜೆಯೆಂದರೆ ನಿಮಗೆ ಲಗೋರಿ, ಚಿಣಿಫಣಿ, ಬಾವಿಯ ಈಜು ನೆನಪಾಗಬಹುದು. ನಮಗೂ ಅವೆಲ್ಲ ಇದ್ದವು. ಆದರೆ ನಾನು ಆರನೆಯ ತರಗತಿಯಲ್ಲಿದ್ದ ವರ್ಷ ಮಾವ ತನ್ನ ಗೊಬ್ಬರದಂಗಡಿಯ ಲೆಕ್ಕಕ್ಕೆಂದು ಹಳೆಯ ಕಂಪ್ಯೂಟರೊಂದನ್ನು ತಂದು ಪಡಸಾಲೆಯಲ್ಲಿಟ್ಟ. ಅಲ್ಲಿಗೆ ಲಗೋರಿಯ ಕತೆ ಮುಗಿಯಿತು.

ಕಂಪ್ಯೂಟರಿನ ಒಂದು ಮಗ್ಗುಲಿಗೆ ಜೋಳದ ಚೀಲಗಳು, ಇನ್ನೊಂದು ಮಗ್ಗುಲಿಗೆ ಆಗಷ್ಟೇ ಹೊಲದಿಂದ ಬಂದ ಹಸಿ ಶೇಂಗಾದ ರಾಶಿ. ಪಡಸಾಲೆಯ ತುಂಬ ಹಸಿಮಣ್ಣಿನ ವಾಸನೆ. ಆಯುಧಪೂಜೆಯ ದಿನ ಆಯಿ, ಅಂದರೆ ನನ್ನ ಅವ್ವನ ಅವ್ವ, ಅದರ ಗಾಜಿನ ಮೇಲೆಯೇ ಅಡ್ಡಡ್ಡ ವಿಭೂತಿ ಎಳೆದುಬಿಟ್ಟಿದ್ದಳು. ಅದನ್ನು ಒರೆಸುವ ಧೈರ್ಯ ಯಾರಿಗಿದೆ? ರಜೆ ಪೂರ್ತಿ ನಾವು ವಿಭೂತಿಯ ಸಂದಿಯಿಂದಲೇ ಆಡಿದೆವು.

ಆಟ ಬಲು ಚಂದ. ಎಲ್ಲವೂ ಚೌಕ ಚೌಕ ಕಲ್ಲುಗಳ ಲೋಕ. ಗುಡ್ಡ ಅಗೆಯಬಹುದು, ಮನೆ ಕಟ್ಟಬಹುದು, ಗೋಧಿ ಬಿತ್ತಿ ರೊಟ್ಟಿ ಮಾಡಬಹುದು. ಆದರೆ ಆಟದೊಳಗೆ ಹೊತ್ತು ಮುಳುಗಿತೆಂದರೆ ಗುಡ್ಡದಿಂದ ಕೆಂಪು ಕಣ್ಣಿನ ತೋಳಗಳು ಇಳಿಯುತ್ತಿದ್ದವು. ಬಂದವೇ ನಾವು ಆಡಿಸುವ ಆಳನ್ನು ಕಡಿದು ಕೆಡವುತ್ತಿದ್ದವು. ಹಸಿ ಮಾಂಸ ಹಿಡಿದು ಓಡದೆ ನಿಂತರೆ ತೋಳ ಅದನ್ನು ತಿಂದು ನಾಯಿಯಾಗುತ್ತದೆ, ಆಮೇಲೆ ನಮ್ಮ ಹೊಲವನ್ನೇ ಕಾಯುತ್ತದೆ ಎಂದು ಬಸ್ಯಾನ ಗೆಳೆಯನೊಬ್ಬ ಹೇಳಿದ್ದ. ಮಾಂಸ ಬೇಕೆಂದರೆ ಆಟದೊಳಗಿನ ಕುರಿ ಹೊಡೆಯಬೇಕು. ನಾನು ಹೋದ ದಿನವೇ ಬಸ್ಯಾ ಕುರಿಯೊಂದಕ್ಕೆ ಏಟು ಹಾಕಿದ. ಹಿಂದೆ ಆಯಿ ಬಳ್ಳಿಯಿಂದ ಶೇಂಗಾ ಹರಿಯುತ್ತ ಕೂತಿದ್ದಳು.

"ಏನ್ ಮಾಡಾಕತ್ತೀಯೋ ಬಸಣ್ಣಾ?"

"ಕುರಿ ಹೊಡ್ಯಾಕತ್ತೇನಿ ಆಯಿ. ತೋಳಕ್ಕ ಹಾಕಾಕ."

"ಲಿಂಗಾ ಕಟ್ಟಿಕೊಂಡವರ ಪಡಸಾಲ್ಯಾಗ ಕುರಿ ಕಡೀತೀ?"

"ಅದು ಖರೆ ಕುರಿ ಅಲ್ಲ ಆಯಿ."

"ಖರೆ ಅಲ್ಲಂದ್ರ ಬ್ಯಾ ಅಂತ ಯಾಕ ಒದರಿತು?"

ಬಸ್ಯಾ ಕುರಿಯನ್ನು ಬಿಟ್ಟ. ಅಂದಿನಿಂದ ಆ ಲೋಕದಲ್ಲಿಯೂ ಶಾಕಾಹಾರವೇ ಕಾಯಿದೆಯಾಯಿತು. ನಾವು ತೋಳಕ್ಕೆ ರೊಟ್ಟಿ ಹಿಡಿದೆವು, ಕುಂಬಳಕಾಯಿ ಹಿಡಿದೆವು, ಸೇಬು ಹಿಡಿದೆವು. ಒಮ್ಮೆ ಏನೂ ತೋಚದೆ ಹೂವನ್ನೂ ಹಿಡಿದೆವು. ಅದು ಎಲ್ಲ ಬಿಟ್ಟು ನಮ್ಮನ್ನೇ ತಿಂದಿತು.

ಇಷ್ಟರಲ್ಲಿ ಬಸ್ಯಾನ ಗಣಿತದ ಅಂಕ ಅಜ್ಜನ ಕಿವಿಗೆ ಬಿತ್ತು. ಅಜ್ಜನೆಂದರೆ ಓಣಿಗೆ ಓಣಿಯೇ ಅಂಜುತ್ತಿತ್ತು. ಅವನ ಕೆಮ್ಮು ಬಾಗಿಲಲ್ಲಿ ಕೇಳಿದರೆ ಸಾಕು, ಮಾವ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಊಟಕ್ಕೆ ಕೂತಾಗ ಅಜ್ಜ ತೀರ್ಪು ಕೊಟ್ಟ.

"ಶೀಗಿ ಹುಣ್ಣಿವಿ ಆಗಲಿ. ಮರುದಿನ ಆ ಡಬ್ಬಿ ಲಕ್ಷ್ಮೇಶ್ವರಕ್ಕ ಹೋಗತೈತಿ. ಅಲ್ಲಿ ಅಡತಿ ಅಂಗಡಿ ಗೆಳೆಯಾಗ ಕೊಡತೇನಂತ ಹೇಳಿ ಆತು."

ಕಂಪ್ಯೂಟರು ಮಾವನದು. ಆದರೆ ಮಾವ ಸಾರಿನ ಬಟ್ಟಲು ನೋಡುತ್ತ ಕೂತ. ಬಸ್ಯಾ ರೊಟ್ಟಿ ಬಿಟ್ಟೆದ್ದು ಹೋಗಿ ಜೋಳದ ಚೀಲದ ಮೇಲೆ ಕವಚಿ ಬಿದ್ದ. ನನಗೂ ಅಳು ಬಂತು. ಬೆಟಗೇರಿಯಲ್ಲಿ ನನಗೆ ಇಂಥದ್ದೊಂದು ಎಲ್ಲಿಂದ ಬರಬೇಕು? ಈ ಡಬ್ಬಿ ಹೋದರೆ ನನ್ನ ಪಾಲಿಗೆ ಆ ಇಡೀ ಲೋಕವೇ ಹೋದಂತೆ.

ಮರುದಿನ ಸಂಜೆ ಮಳೆ ಹಿಡಿಯಿತು. ಅಜ್ಜನಿಗೆ ಹರಟೆಯ ಕಟ್ಟೆಗೆ ಹೋಗಲಾಗಲಿಲ್ಲ. ಚಹಾದ ದಾರಿ ಕಾಯುತ್ತ ನಮ್ಮ ಹಿಂದೆ ಕುರ್ಚಿ ಹಾಕಿಕೊಂಡು ಕೂತ.

"ಹೊಲಾ ಯಾರದು?" ಅಂದ ಅಜ್ಜ.

"ನಮ್ದ ಅಜ್ಜಾ," ಅಂದೆ ನಾನು.

"ಬದು ಎಲ್ಲೈತಿ?"

ಬಸ್ಯಾ ಆಳನ್ನು ಹೊಲದ ಸುತ್ತ ಒಂದು ಸಲ ತಿರುಗಿಸಿದ.

"ಬದು ಇಲ್ಲದ್ದಕ್ಕ ಹೊಲಾ ಅಂತಾರೇನಲೇ? ಮೊದಲ ಬದು ಹಾಕು."

ಬಸ್ಯಾ ಬದು ಹಾಕಿದ. ಅಜ್ಜ ಅದನ್ನು ಕೆಡವಿಸಿ ಮತ್ತೆ ಹಾಕಿಸಿದ, ನೀರು ಇಳಿಜಾರಿಗೆ ಹೋಗುತ್ತದೆಂದು. ಗೋಧಿಯ ನಡುವೆ ಅಕ್ಕಡಿ ತೊಗರಿ ಹಾಕು ಅಂದ. ಈ ಆಟದಲ್ಲಿ ತೊಗರಿಯೇ ಇಲ್ಲ ಎಂದಾಗ, "ತೊಗರಿ ಇಲ್ಲದ ಎಂಥಾ ಸೀಮಿ ಇದು?" ಎಂದು ಮರುಗಿದ. ಅಷ್ಟರಲ್ಲಿ ಆಟದೊಳಗೆ ಕತ್ತಲಾಗಿ ತೋಳ ಇಳಿಯಿತು. ಅಜ್ಜ ಸಣ್ಣವನಿದ್ದಾಗ ಕಪ್ಪತಗುಡ್ಡದ ಸೆರಗಿನಲ್ಲಿ ದನ ಕಾಯುತ್ತ ನಿಜವಾದ ತೋಳ ಕಂಡವನು. "ಇದ್ಯಾತರ ತೋಳ, ಬಣ್ಣಾ ಹಚ್ಚಿದ ಪೆಟ್ಟಿಗಿ," ಎಂದು ನಕ್ಕ. ಆ ಪೆಟ್ಟಿಗೆ ಹಾರಿ ಕಡಿದಾಗ ಎರಡೂ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. ನಾವು ತುಟಿ ಕಚ್ಚಿ ನಗು ನುಂಗಿದೆವು.

ಆಮೇಲೆ ದಿನಾ ಸಂಜೆ ಅಜ್ಜ ಹಾಜರು. ಬರುವ ಮುಂಚೆ ಬಾಗಿಲಲ್ಲಿ ನಿಂತು ಬೋಳು ಆಕಾಶ ನೋಡಿ "ಮಳಿ ಬರೂಹಂಗೈತಿ" ಅನ್ನುತ್ತಿದ್ದ. ತೋಳದ ಮೇಲೆ ಅವನಿಗೆ ಎಷ್ಟು ಸಿಟ್ಟೆಂದರೆ, ನಮ್ಮ ಆಳು ಸತ್ತ ದಿನ ಚಹಾ ಆರಿಹೋದರೂ ಮುಟ್ಟುತ್ತಿರಲಿಲ್ಲ. ಡಬ್ಬಿಯ ಮಾತೆತ್ತಿದರೆ ಮಾತ್ರ, "ಹೇಳಿದ್ದು ಹೇಳಿದ್ದ," ಎಂದು ಮುಗಿಸುತ್ತಿದ್ದ. ಆದರೂ ತೋಳ ಪಳಗಿದರೆ ಅಜ್ಜನೂ ಪಳಗಬಹುದೆಂದು ನಾನು ಬಸ್ಯಾನಿಗೆ ಹೇಳಿದೆ. ಪಳಗುವುದಕ್ಕೆ ಮಾಂಸ ಬೇಕಲ್ಲ? ಅಜ್ಜನೇ ಆಯಿಯ ಹತ್ತಿರ ವಕೀಲಿಗೆ ನಿಂತ.

"ತೋಳ ಹುಲ್ಲು ತಿಂತೈತೇನ? ಒಂದ ಕುರಿ ಹೋದ್ರ ಏನಾತು?"

"ನಮ್ಮ ಮನಿಗೆ ಉಣ್ಣಾಕ ಬಂದದ್ದು ನಾವು ಮಾಡಿದ್ದ ಉಣಬೇಕ್ರಿ," ಅಂದಳು ಆಯಿ. ಓಣಿ ಅಂಜುವ ಅಜ್ಜ ಮರಳಿ ಬಂದು ಕುರ್ಚಿಯಲ್ಲಿ ಕೂತ.

ಶೀಗಿ ಹುಣ್ಣಿಮೆ ಬಂತು. ಬಸುರಿ ಭೂಮಿತಾಯಿಗೆ ಅಂದು ಬಯಕೆಯ ಊಟ. ಶೇಂಗಾ ಹೋಳಿಗೆ, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲಿದೆವು. ಮುಂದಿನವರು ಅನ್ನ ಎರಚುತ್ತ "ಹುಲ್ಲುಲ್ಲಿಗ್ಯೋ" ಎಂದು ಕೂಗಬೇಕು, ಹಿಂದಿನವರು ನೀರು ಚಿಮುಕಿಸುತ್ತ "ಚಳ್ಳಂಬರಿಗ್ಯೋ" ಅನ್ನಬೇಕು. ಹುಳ, ಹಕ್ಕಿ, ಮಿಗ ಎಲ್ಲಕ್ಕೂ ಅದರಲ್ಲಿ ಪಾಲು. ಹೊಟ್ಟೆ ತುಂಬಿದ ಜೀವ ಬೆಳೆಗೆ ಕೇಡು ಮಾಡುವುದಿಲ್ಲವೆಂಬ ನಂಬಿಕೆ.

ಮನೆಗೆ ಬಂದು ಅಜ್ಜ ಇನ್ನೂ ರುಮಾಲು ಬಿಚ್ಚಿರಲಿಲ್ಲ. ಕಂಪ್ಯೂಟರಿನತ್ತ ಕೈ ತೋರಿಸಿ, "ಆ ಹೊಲಕ್ಕ ಚರಗಾ ಚೆಲ್ಲಿದಿರೇನು?" ಅಂದ.

ಚೆಲ್ಲಿರಲಿಲ್ಲ. ಅದಕ್ಕೇ ತೋಳ ಮುನಿದಿದೆ ಎಂದು ಅಜ್ಜ ನಿರ್ಧರಿಸಿದ. ಆಯಿಗೂ ಇದು ಪೂರಾ ಒಪ್ಪಿಗೆಯಾಯಿತು. ಬಸ್ಯಾ ನಮ್ಮ ಉಗ್ರಾಣದ ರೊಟ್ಟಿ, ಕುಂಬಳಕಾಯಿ ಎಲ್ಲವನ್ನೂ ಬದುವಿನುದ್ದಕ್ಕೂ ಎಸೆಯುತ್ತ ಹೋದ. ಹಿಂದೆ ನಿಂತು ಅಜ್ಜ "ಹುಲ್ಲುಲ್ಲಿಗ್ಯೋ" ಎಂದು ಪಡಸಾಲೆ ನಡುಗುವಂತೆ ಕೂಗಿದ. ಆಯಿ ತಂಬಿಗೆ ಹಿಡಿದು "ಚಳ್ಳಂಬರಿಗ್ಯೋ" ಎಂದು ಕಂಪ್ಯೂಟರಿನ ಮೇಲೆ ನೀರು ಚಿಮುಕಿಸತೊಡಗಿದಳು. ನಾನು ಕೀಬೋರ್ಡಿನ ಮೇಲೆ ಲಂಗ ಹರವಿ ಬೋರಲು ಬಿದ್ದೆ. ಬಸ್ಯಾ ನನ್ನ ಹೊಟ್ಟೆಯ ಕೆಳಗೆ ಕೈ ತೂರಿಸಿ ಆಡಿದ. ಪಕ್ಕದ ಮನೆಯವರು ಏನಾಯಿತೆಂದು ಕಿಟಕಿಯಲ್ಲಿ ಇಣುಕಿದರು.

ತೋಳ ಬಂತು. ರೊಟ್ಟಿಯ ಮೇಲೆಯೇ ಕಾಲಿಟ್ಟು ನಡೆದು ಬಂದು ನಮ್ಮನ್ನು ಕಡಿದು ಕೊಂದಿತು.

ಅಜ್ಜ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಷ್ಟು ಸಪ್ಪಗಾದ ಅಜ್ಜನನ್ನು ನಾನು ಅದೇ ಮೊದಲು ನೋಡಿದ್ದು. ಬೆಳಗಾದರೆ ಡಬ್ಬಿ ಹೋಗುತ್ತದೆ. ಬಸ್ಯಾನ ಮೂಗು ಸೊರಸೊರ ಅನ್ನುತ್ತಿತ್ತು. ಆಯಿ ಮೂವರ ಮುಖವನ್ನೂ ನೋಡಿದಳು, ತಂಬಿಗೆ ಕೆಳಗಿಟ್ಟಳು.

"ನಾ ದೇವರಿಗೆ ದೀಪಾ ಹಚ್ಚಾಕ ಹೊಕ್ಕೇನಿ. ಒಳಗ ಕುಂತ್ರ ನನಗ ಹೊರಗಿಂದು ಏನೂ ಕೇಳಂಗಿಲ್ಲ."

ದೀಪ ಆಗಲೇ ಉರಿಯುತ್ತಿತ್ತು. ಆಯಿ ಒಳಗೆ ಹೋಗಿ ಗಂಟೆ ಬಾರಿಸತೊಡಗಿದಳು. ಅಜ್ಜ ಬಸ್ಯಾನ ಬೆನ್ನಿಗೆ ತಿವಿದು, "ಜಲ್ದಿ ಮುಗಸಲೇ," ಅಂದ. ಕುರಿ ಬ್ಯಾ ಅಂದದ್ದು ಗಂಟೆಯ ಸದ್ದಿನಲ್ಲಿ ನಮಗೇ ಕೇಳಲಿಲ್ಲ. ಮರಳಿ ಹುಟ್ಟಿದ ನಮ್ಮ ಆಳು ಮಾಂಸ ಹಿಡಿದು ಬದುವಿನ ಮೇಲೆ ನಿಂತ. ತೋಳ ಬಂತು, ನಿಂತಿತು, ತಿಂದಿತು. ಕಣ್ಣಿನ ಕೆಂಪು ಇಳಿಯಿತು. ಬಾಲ ಅಲ್ಲಾಡಿಸಿ ನಮ್ಮ ಮುಂದೆ ಕುಕ್ಕರಿಸಿತು.

"ಕುಂತತಿ ನೋಡಲೇ," ಅಂದ ಅಜ್ಜ. ಮತ್ತೆ ಅದನ್ನೇ ಅಂದ.

ಆಯಿ ಹೊರಗೆ ಬಂದು ನೋಡಿದಳು. "ಪಾಪ, ಎಷ್ಟ ಬಡಕಲಾಗೇತಿ. ಇನ್ನ ಮ್ಯಾಲ ರೊಟ್ಟಿನ ಹಾಕ್ರಿ," ಅಂದಳು.

ಮರುದಿನ ಬೆಳಗ್ಗೆ ಲಕ್ಷ್ಮೇಶ್ವರದ ಟಂಟಂ ಗಾಡಿ ಬಾಗಿಲಿಗೆ ಬಂದೇ ಬಂತು. ಬಸ್ಯಾ ಕಂಪ್ಯೂಟರನ್ನು ತಬ್ಬಿ ನಿಂತ, ನಾನು ಬಸ್ಯಾನನ್ನು ತಬ್ಬಿ ನಿಂತೆ. ಅಜ್ಜ ಹೊಸ್ತಿಲಲ್ಲಿ ಅಡ್ಡ ನಿಂತ.

"ಒಯ್ಯಾಕ ಬರಂಗಿಲ್ಲಪಾ."

"ನೀವ ಕರಸೀರಿ ಅಂತ ಅಡತಿ ಸಾವ್ಕಾರ್ರು ಹೇಳ್ಯಾರ್ರಿ," ಅಂದ ಡ್ರೈವರ್.

"ಕರಸಿದ್ದು ಖರೆ. ಈಗ ಅದರಾಗ ನಮ್ಮ ನಾಯಿ ಐತಿ."

ಡ್ರೈವರ್ ಬಗ್ಗಿ ಚೀಲಗಳ ಸಂದಿಯನ್ನೆಲ್ಲ ಹುಡುಕಿ ನೋಡಿದ. ನಾಯಿ ಕಾಣಲಿಲ್ಲ. ಕಾಣದ ನಾಯಿಗೆ ಇನ್ನೂ ಹೆಚ್ಚು ಅಂಜಿ, ಚಹಾ ಕುಡಿದು ಬರಿಗೈಲಿ ಹೋದ.

ಬಸ್ಯಾನ ಗಣಿತ ಮುಂದೆಯೂ ಸುಧಾರಿಸಲಿಲ್ಲ. ಅಜ್ಜ ಬೆಟಗೇರಿಗೆ ಫೋನು ಮಾಡಿದಾಗಲೆಲ್ಲ ಅವ್ವನ ಕ್ಷೇಮ ಕೇಳಿ, ನನ್ನನ್ನು ಕರೆಸಿ, "ಯವ್ವಾ, ನಾಯಿ ಇವತ್ತ ಬದುವಿನ ಮ್ಯಾಲ ಕುಂತಿತ್ತು," ಎಂದು ಖಬರು ಕೊಡುತ್ತಿದ್ದ. ಕೆಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ಕಂಪ್ಯೂಟರು ಕಣ್ಣು ಬಿಡಲಿಲ್ಲ. ರಿಪೇರಿಯವನು ಕೈ ಚೆಲ್ಲಿದಾಗ, "ಡಬ್ಬಿ ಹೋದ್ರ ಹೋಗಲಿ, ನಾಯಿಷ್ಟು ತಗದು ಕೊಡತೀಯೇನು ನೋಡು," ಎಂದು ಅಜ್ಜ ಕೇಳಿದನಂತೆ. ಆಗಲಿಲ್ಲ.

ಈಗ ಅಜ್ಜನೂ ಇಲ್ಲ, ಆಯಿಯೂ ಇಲ್ಲ. ಅದೇ ಆಟ ನನ್ನ ಫೋನಿನಲ್ಲಿದೆ. ಗದಗಿನಿಂದ ಮುಂಡರಗಿಗೆ ಹೊರಟರೆ ಬಸ್ಸು ಡಂಬಳ ಮುಟ್ಟುವುದರೊಳಗೆ ಕುರಿ ಹೊಡೆದು, ತೋಳ ಪಳಗಿಸಿ ಮುಗಿಸಿರುತ್ತೇನೆ. ಬೇಡ ಅನ್ನುವವರಿಲ್ಲ. ಪಳಗಿದ ತೋಳಗಳು ಹಿಂಡುಗಟ್ಟಿ ನನ್ನ ಹಿಂದೆ ಬರುತ್ತವೆ. ಅವುಗಳಲ್ಲಿ ಒಂದನ್ನೂ ನಮ್ಮ ನಾಯಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗನ್ನಬೇಕಾದರೆ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಯಾರಾದರೂ ಕೂತಿರಬೇಕಿತ್ತು.